ಆಘಾತ ಅನುಭವಿಸಿದವರೂ ಇರುವ ಟೀಮ್ ನಡೆಸುವುದು ಹೇಗೆ?

ಸಂಜೆ ಐದೂವರೆಗೆ ಮ್ಯಾನೇಜರ್ ಒಂದು ಮೆಸೇಜ್ ಕಳಿಸುತ್ತಾರೆ: "ನಾಳೆ ಬೆಳಿಗ್ಗೆ ಬಂದ ತಕ್ಷಣ ನನ್ನನ್ನ ನೋಡಿ." ಅಷ್ಟೇ. ಕಳಿಸಿದವರ ತಲೆಯಲ್ಲಿರುವುದು ವರದಿಯಲ್ಲಿ ತಪ್ಪಿರುವ ಎರಡು ಅಂಕಿ. ಓದಿದವರಿಗೆ ಅದು ಗೊತ್ತಿಲ್ಲ. ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸಿ ಮರೆಯುತ್ತಾರೆ. ಆದರೆ ಹಿಂದೊಮ್ಮೆ ಇದೇ ರೀತಿ ಕರೆಸಿಕೊಂಡು ಐದು ನಿಮಿಷದಲ್ಲಿ ಕೆಲಸ ಕಳೆದುಕೊಂಡವರಿರುತ್ತಾರೆ. ಚಿಕ್ಕಂದಿನಲ್ಲಿ "ಇಲ್ಲಿ ಬಾ" ಎಂಬ ಕರೆಯ ಹಿಂದೆಯೇ ಹೊಡೆತ ತಿಂದು ಬೆಳೆದವರಿರುತ್ತಾರೆ. ಅವರಿಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ನಿಮ್ಮೆದುರು ಕೂತಾಗ ಆ ಎರಡು ಅಂಕಿಯ ಬಗ್ಗೆ ನೀವು ಹೇಳುವುದು ಅವರ ತಲೆಗೆ ಹೋಗುವುದೂ ಇಲ್ಲ.

ಅದೇ ಮೆಸೇಜ್ ಹೀಗಿರಬಹುದಿತ್ತು: "ನಾಳೆ ಹತ್ತು ಗಂಟೆಗೆ ಒಂದು ಹತ್ತು ನಿಮಿಷ ಬೇಕಿತ್ತು. ತಿಂಗಳ ವರದಿಯ ಮೂರನೇ ಪುಟದಲ್ಲಿ ಎರಡು ಅಂಕಿ ತಾಳೆಯಾಗ್ತಿಲ್ಲ, ಕೂತು ನೋಡೋಣ. ದೊಡ್ಡ ವಿಷಯ ಏನಲ್ಲ. ಹತ್ತಕ್ಕೆ ಆಗದಿದ್ರೆ ಮೂರಕ್ಕೆ ಬನ್ನಿ." ಯಾವ ವಿಷಯ, ಯಾವಾಗ, ಎಷ್ಟು ಹೊತ್ತು, ಎಷ್ಟು ಗಂಭೀರ, ಆಗದಿದ್ದರೆ ಬೇರೆ ದಾರಿ ಯಾವುದು, ಐದೂ ಅದರಲ್ಲಿವೆ. ಬರೆಯಲು ಬೇಕಾದದ್ದು ಅರ್ಧ ನಿಮಿಷ.

ಟ್ರಾಮಾ-ಇನ್‌ಫಾರ್ಮ್ಡ್ ಲೀಡರ್‌ಶಿಪ್, ಅಂದರೆ ಆಘಾತದ ಅರಿವಿರುವ ನಾಯಕತ್ವ, ಎಂಬ ದೊಡ್ಡ ಹೆಸರಿನ ಒಳಗೆ ಇರುವುದು ಬಹುಪಾಲು ಇಂಥ ಸಣ್ಣ ಕೆಲಸಗಳೇ. ಹೆಸರು ಕೇಳಿದ ಮ್ಯಾನೇಜರ್‌ಗಳು ತಾವು ಆಪ್ತಸಮಾಲೋಚಕರಾಗಬೇಕೇನೋ, ಎಲ್ಲರ ಹಳೆಯ ನೋವು ಕೇಳಿಸಿಕೊಳ್ಳಬೇಕೇನೋ ಎಂದು ಹಿಂಜರಿಯುತ್ತಾರೆ. ಯಾರ ಕಥೆಯನ್ನೂ ಕೇಳಬೇಕಾಗಿಲ್ಲ. ಯಾರಿಗೆ ಏನಾಗಿತ್ತು ಎಂದು ತಿಳಿಯದೆಯೂ ಎಲ್ಲರಿಗೂ ಒಗ್ಗುವಂತೆ ಕೆಲಸದ ರೀತಿಯನ್ನು ತಿದ್ದಬಹುದು. ತಮ್ಮ ನೋವನ್ನು ಬಿಚ್ಚಿಟ್ಟವರಿಗೆ ಮಾತ್ರ ಅನುಕೂಲ ಸಿಗುವ ವ್ಯವಸ್ಥೆಯಲ್ಲಿ, ಅನುಕೂಲ ಅತ್ಯಂತ ಅಗತ್ಯವಿದ್ದವರೇ ಬಾಯಿ ಮುಚ್ಚಿಕೊಂಡು ಉಳಿದುಬಿಡುತ್ತಾರೆ.

ಮೊದಲು ತಿಳಿದಿರಬೇಕಾದಷ್ಟು

ಮಾನಸಿಕ ಆರೋಗ್ಯ ಮತ್ತು ವ್ಯಸನದ ವಿಷಯ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಮ್ಸಾ 2014ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಆಘಾತವನ್ನು ಮೂರು ಭಾಗವಾಗಿ ನೋಡುತ್ತದೆ: ನಡೆದ ಘಟನೆ, ಅದನ್ನು ಆ ವ್ಯಕ್ತಿ ಅನುಭವಿಸಿದ ಬಗೆ, ಅದು ಉಳಿಸಿಹೋದ ಪರಿಣಾಮ. ಒಂದೇ ಕಾರಿನಲ್ಲಿ ಅಪಘಾತಕ್ಕೆ ಸಿಕ್ಕ ಇಬ್ಬರಲ್ಲಿ ಒಬ್ಬರು ತಿಂಗಳೊಳಗೆ ಮೊದಲಿನಂತಾಗುವುದು, ಇನ್ನೊಬ್ಬರು ವರ್ಷ ಕಳೆದರೂ ಬ್ರೇಕಿನ ಸದ್ದಿಗೆ ಬೆಚ್ಚಿಬೀಳುವುದು ಸಾಧ್ಯ. ಹಾಗಾಗಿ "ಅಷ್ಟಕ್ಕೆಲ್ಲ ಇಷ್ಟು ದಿನ ಬೇಕಾ?" ಎಂಬ ಪ್ರಶ್ನೆಗೆ ಅರ್ಥವಿಲ್ಲ. ಘಟನೆಯ ಗಾತ್ರ ನೋಡಿ ನೋವಿನ ಗಾತ್ರ ಹೇಳಲಾಗದು.

ಜಗತ್ತಿನ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಆಘಾತ ತರಬಲ್ಲ ಘಟನೆಯನ್ನು ಎದುರಿಸುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಯಾವುದಾದರೂ ಒಂದು ಹಂತದಲ್ಲಿ ಕಾಡಿರುವುದು 3.9% ಜನರನ್ನು. ಈ ಎರಡು ಅಂಕಿಗಳನ್ನು ಒಟ್ಟಿಗೆ ನೆನಪಿಡಿ. ನಿಮ್ಮ ಟೀಮಿನಲ್ಲಿ ಕಷ್ಟ ಕಂಡವರು ಇದ್ದೇ ಇರುತ್ತಾರೆ ಎಂದು ಮೊದಲನೆಯದು ಹೇಳುತ್ತದೆ. ಹಾಗೆಂದು ಎಲ್ಲರನ್ನೂ ರೋಗಿಗಳಂತೆ ಕಾಣಬೇಡಿ ಎಂದು ಎರಡನೆಯದು ತಡೆಯುತ್ತದೆ.

ದೇಹದೊಳಗೆ ಆಗುವುದಿಷ್ಟು. ಮಿದುಳಿನ ಅಮಿಗ್ಡಲಾ ಎಂಬ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ. ಯೋಜನೆ ಹಾಕುವ, ಮಾತು ಅಳೆದು ಆಡುವ, ನಾಲ್ಕು ಸಂಗತಿಯನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಮುಂಭಾಗದ ಮಿದುಳು ಆ ಹೊತ್ತಿಗೆ ಮಂಕಾಗುತ್ತದೆ. ಹಾವು ಕಚ್ಚಿಸಿಕೊಂಡವರು ಹಗ್ಗ ಕಂಡರೂ ಬೆಚ್ಚುತ್ತಾರಲ್ಲ, ಹಾಗೆ ಈ ಗಂಟೆ ನಿಜವಾದ ಅಪಾಯಕ್ಕೆ ಬಾರಿಸುವಂತೆಯೇ ಹಳೆಯ ಅಪಾಯವನ್ನು ಹೋಲುವ ದನಿ, ವಾಸನೆ, ಮುಚ್ಚಿದ ಬಾಗಿಲು, ವರ್ಷದ ಒಂದು ತಾರೀಕು, ಯಾವುದಕ್ಕಾದರೂ ಬಾರಿಸಬಹುದು. ಆ ಕ್ಷಣದಲ್ಲಿ "ಸರಿಯಾಗಿ ಯೋಚನೆ ಮಾಡಿ ಹೇಳಿ" ಎಂದು ಒತ್ತಾಯಿಸುವುದು ಉಳುಕಿದ ಕಾಲಿನವರನ್ನು ಓಡು ಎಂದಂತೆ.

ಕೆಲಸದ ಜಾಗದಲ್ಲಿ ಇದು ನಾಲ್ಕು ಬಗೆಯಲ್ಲಿ ಕಾಣುತ್ತದೆ. ಕೆಲವರು ಸಣ್ಣ ಮಾತಿಗೂ ಎದುರು ನಿಲ್ಲುತ್ತಾರೆ. ಕೆಲವರು ಜಾರಿಕೊಳ್ಳುತ್ತಾರೆ: ಮೀಟಿಂಗಿಗೆ ಬರುವುದಿಲ್ಲ, ಫೋನ್ ಎತ್ತುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ರಾಜೀನಾಮೆ ಕೊಡುತ್ತಾರೆ. ಕೆಲವರು ಹೆಪ್ಪುಗಟ್ಟುತ್ತಾರೆ: ಹೆಸರು ಕರೆದು ಪ್ರಶ್ನೆ ಕೇಳಿದರೆ ಗೊತ್ತಿದ್ದ ಉತ್ತರವೂ ಬಾಯಿಗೆ ಬರುವುದಿಲ್ಲ. ನಾಲ್ಕನೆಯವರು ಎಲ್ಲದಕ್ಕೂ "ಆಯ್ತು ಸರ್", "ಆಗುತ್ತೆ ಮೇಡಂ" ಎನ್ನುತ್ತಾರೆ. ಮೊದಲ ಮೂವರು ಮ್ಯಾನೇಜರ್ ಕಣ್ಣಿಗೆ ಬೀಳುತ್ತಾರೆ, ನಾಲ್ಕನೆಯವರು ಬೀಳುವುದೇ ಇಲ್ಲ. ಅವರನ್ನು ಒಳ್ಳೆಯ ಕೆಲಸಗಾರರೆಂದು ಹೊಗಳಿ ಇನ್ನಷ್ಟು ಕೆಲಸ ಹೇರುತ್ತಾರೆ. ಎದುರಿನವರನ್ನು ಸಮಾಧಾನದಲ್ಲಿಟ್ಟರೆ ತಾನು ಸುರಕ್ಷಿತ ಎಂದು ಎಂದೋ ಕಲಿತವರು ಅವರಾಗಿರಬಹುದು. ಒಬ್ಬರು ಆರು ತಿಂಗಳಲ್ಲಿ ಒಮ್ಮೆಯೂ "ಆಗಲ್ಲ" ಎಂದಿಲ್ಲ ಎಂದಾದರೆ ಅವರ ಹೊರೆಯನ್ನು ನೀವೇ ಲೆಕ್ಕ ಹಾಕಿ ನೋಡಿ.

ಒಂದು ಎಚ್ಚರಿಕೆ. ಇದೇ ಲಕ್ಷಣಗಳು ನಿದ್ದೆಗೆಟ್ಟವರಲ್ಲಿ, ಥೈರಾಯ್ಡ್ ತೊಂದರೆ ಇದ್ದವರಲ್ಲಿ, ಮನೆಯಲ್ಲಿ ಎಳೆಗೂಸು ಇರುವವರಲ್ಲಿಯೂ ಕಾಣಿಸುತ್ತವೆ. "ಇವರಿಗೆ ಟ್ರಾಮಾ ಇದೆ" ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಮನಸ್ಸಿನಲ್ಲೂ ಹಣೆಪಟ್ಟಿ ಹಚ್ಚಬೇಡಿ.

ಹೆಜ್ಜೆ 1: ಎರಡು ವಾರ ನಿಮ್ಮನ್ನೇ ಗಮನಿಸಿ

ಟೀಮಿಗೆ ಏನನ್ನೂ ಘೋಷಿಸುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹತ್ತು ಕೆಲಸದ ದಿನ, ದಿನದ ಕೊನೆಗೆ ಐದು ನಿಮಿಷ. ಇವತ್ತು ಕಾರಣ ಹೇಳದೆ ಯಾರನ್ನಾದರೂ ಕರೆಸಿದೆನೇ? ಬೇರೆಯವರ ಎದುರು ಯಾರ ತಪ್ಪನ್ನಾದರೂ ಎತ್ತಿದೆನೇ? ಒಬ್ಬೊಬ್ಬರೊಂದಿಗೆ ಇಟ್ಟುಕೊಂಡಿದ್ದ ಮಾತುಕತೆಯನ್ನು ರದ್ದು ಮಾಡಿದೆನೇ? ಮಾತು ಕೊಟ್ಟು ಮಾಡದೆ ಉಳಿದದ್ದು ಯಾವುದು? ದನಿ ಏರಿದ್ದು ಯಾವಾಗ?

ಬಹುಪಾಲು ಮ್ಯಾನೇಜರ್‌ಗಳು ದನಿ ಏರಿಸಿದ್ದಕ್ಕೆ ಹೆಚ್ಚು ಬೇಜಾರು ಮಾಡಿಕೊಳ್ಳುತ್ತಾರೆ. ಪಟ್ಟಿ ನೋಡಿದರೆ ಹೆಚ್ಚು ಸಲ ಕಾಣುವುದು ರದ್ದಾದ ಮಾತುಕತೆ ಮತ್ತು ಈಡೇರದ ಸಣ್ಣ ಮಾತು. ನಂಬಿಕೆ ಸವೆಯುವುದು ಅಲ್ಲಿ. ಹಿಂದೆ ನಂಬಿ ಪೆಟ್ಟು ತಿಂದವರಿಗೆ "ನಾಳೆ ನೋಡೋಣ" ಎಂದು ಹೇಳಿ ನಾಳೆ ನೋಡದೆ ಇರುವುದು ಸಣ್ಣ ವಿಷಯವಲ್ಲ.

ಸಿಟ್ಟು ಬಂದಾಗ ಮಾಡಬೇಕಾದದ್ದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ದವಡೆ ಬಿಗಿದಿದೆ, ಮಾತು ವೇಗವಾಗಿದೆ ಎನಿಸಿದರೆ "ಇದನ್ನ ಈಗ ಮುಂದುವರಿಸೋದು ಬೇಡ, ನಾಲ್ಕು ಗಂಟೆಗೆ ಮತ್ತೆ ಕೂರೋಣ" ಎನ್ನಿ. ಗಂಟೆ ಹೇಳುವುದು ಮುಖ್ಯ. ಹೇಳದೆ ಎದ್ದು ಹೋದರೆ ಆ ಮೌನವೇ ಬೆದರಿಕೆಯಾಗುತ್ತದೆ. ನಡುವಿನ ಹೊತ್ತಿನಲ್ಲಿ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಂಡು ಆರು ಎಣಿಸುತ್ತಾ ಬಿಡಿ, ಎರಡು ಮೂರು ನಿಮಿಷ. ಉಸಿರು ಬಿಡುವ ಹೊತ್ತು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ನಾಲ್ಕು ಗಂಟೆಗೆ ತಪ್ಪದೆ ಬನ್ನಿ.

ಹೆಜ್ಜೆ 2: ಮುಂದೇನೆಂದು ಗೊತ್ತಿರಲಿ

ಎಲ್ಲ ಹೆಜ್ಜೆಗಳಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿ. ಖರ್ಚಿಲ್ಲ, ಯಾರ ಅನುಮತಿಯೂ ಬೇಡ, ಫಲ ಬೇಗ ಕಾಣುತ್ತದೆ. ಆಘಾತದ ಘಟನೆಗಳಲ್ಲಿ ಬಹುತೇಕ ಸಾಮಾನ್ಯವಾಗಿರುವ ಅಂಶ ಎರಡು: ಅನಿರೀಕ್ಷಿತವಾಗಿ ಬಂದೆರಗಿದ್ದು, ಕೈಯಲ್ಲಿ ಏನೂ ಇಲ್ಲದಂತಾದದ್ದು. ಮೊದಲನೆಯದಕ್ಕೆ ಮದ್ದು ಮುನ್ಸೂಚನೆ.

ಒಬ್ಬೊಬ್ಬರೊಂದಿಗಿನ ಮಾತುಕತೆ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಅರ್ಧ ಗಂಟೆ ಇರಲಿ. ರದ್ದು ಮಾಡಲೇಬೇಕಾದರೆ ಅದೇ ಮೆಸೇಜಿನಲ್ಲಿ ಹೊಸ ಸಮಯ ಇರಲಿ. ಕ್ಯಾಲೆಂಡರಿನಲ್ಲಿ "ಡಿಸ್ಕಷನ್" ಎಂದಷ್ಟೇ ಬರೆದ ಆಹ್ವಾನ ಕಳಿಸಬೇಡಿ, ವಿಷಯವನ್ನು ಒಂದು ಸಾಲಿನಲ್ಲಿ ಬರೆಯಿರಿ. ಮೀಟಿಂಗಿನ ಅಜೆಂಡಾ ಹಿಂದಿನ ದಿನವೇ ಹೋಗಲಿ. ಯಾರಿಂದ ಮಾತು ಬೇಕೋ ಅವರಿಗೆ ಮೊದಲೇ ತಿಳಿಸಿ. ಗೋಷ್ಠಿಯ ನಡುವೆ ದಿಢೀರನೆ ಹೆಸರು ಕರೆದು "ನೀವೇನಂತೀರಿ?" ಎನ್ನುವುದರಿಂದ ಒಳ್ಳೆಯ ಉತ್ತರ ಸಿಗುವುದು ಅಪರೂಪ.

ಕಷ್ಟವಾಗುವುದು ದೊಡ್ಡ ಬದಲಾವಣೆಯ ಹೊತ್ತಿನಲ್ಲಿ: ವಿಭಾಗ ಬದಲು, ಹೊಸ ಮುಖ್ಯಸ್ಥರು, ಕೆಲಸ ಕಡಿತದ ಗಾಳಿಸುದ್ದಿ. ಎಲ್ಲ ಖಚಿತವಾದ ಮೇಲೆ ಹೇಳೋಣ ಎಂದು ಮ್ಯಾನೇಜರ್ ಸುಮ್ಮನಿರುತ್ತಾರೆ. ಆ ಖಾಲಿ ಜಾಗವನ್ನು ಜನ ತಮ್ಮ ಅತಿ ಕೆಟ್ಟ ಊಹೆಯಿಂದ ತುಂಬಿಕೊಳ್ಳುತ್ತಾರೆ. ಇಂಥ ಹೊತ್ತಿಗೆ ಐದು ಸಾಲಿನ ಒಂದು ಪದ್ಧತಿ ಇಟ್ಟುಕೊಳ್ಳಿ: ಏನು ಬದಲಾಗುತ್ತಿದೆ, ಏನು ಬದಲಾಗುವುದಿಲ್ಲ, ನಮಗೆ ಇನ್ನೂ ಗೊತ್ತಿಲ್ಲದ್ದು ಏನು, ತೀರ್ಮಾನ ಯಾರ ಕೈಯಲ್ಲಿದೆ, ಮುಂದಿನ ಸುದ್ದಿ ಯಾವ ದಿನ ಹೇಳುತ್ತೇನೆ. ಗುರುವಾರ ಹೇಳುತ್ತೇನೆ ಎಂದಿದ್ದರೆ ಗುರುವಾರ ಹೊಸದೇನೂ ಇಲ್ಲದಿದ್ದರೂ ಎದುರು ನಿಂತು "ಹೊಸದೇನೂ ಇಲ್ಲ, ಮುಂದಿನ ಮಂಗಳವಾರ ಮತ್ತೆ ಹೇಳ್ತೀನಿ" ಎನ್ನಿ. ಸುದ್ದಿ ಬರಲಿ ಬಿಡಲಿ, ನೀವು ಹೇಳಿದ ದಿನಕ್ಕೆ ಬಂದಿರಿ ಎಂಬುದೇ ಅಲ್ಲಿ ದೊಡ್ಡದು.

ಇಲ್ಲಿ ಆಗುವ ತಪ್ಪು, ಸಮಾಧಾನ ಮಾಡಲು ಹೋಗಿ "ಯಾರಿಗೂ ಏನೂ ಆಗಲ್ಲ, ನಾನಿದ್ದೀನಿ" ಎಂದುಬಿಡುವುದು. ನಿಮ್ಮ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಡಬೇಡಿ. ಆ ಮಾತು ಸುಳ್ಳಾದ ದಿನ ಮುಂದಿನ ಹತ್ತು ನಿಜವನ್ನೂ ಯಾರೂ ನಂಬುವುದಿಲ್ಲ.

ಹೆಜ್ಜೆ 3: ಆಯ್ಕೆ ಮರಳಿ ಕೊಡಿ

ಎರಡನೆಯ ಅಂಶಕ್ಕೆ, ಕೈಯಲ್ಲಿ ಏನೂ ಇಲ್ಲದಂತಾದ ಭಾವಕ್ಕೆ, ಮದ್ದು ಸಣ್ಣ ಸಣ್ಣ ಆಯ್ಕೆಗಳು. ಬೆನ್ನ ಹಿಂದೆ ಜನ ಓಡಾಡುವ ಕುರ್ಚಿ ಕೆಲವರಿಗೆ ದಿನವಿಡೀ ಮೈಯೆಲ್ಲ ಕಿವಿಯಾಗಿರುವಂತೆ ಮಾಡುತ್ತದೆ. ಗೋಡೆಗೆ ಬೆನ್ನಾಗಿ, ಬಾಗಿಲು ಕಾಣುವಂತೆ ಕೂರುವ ಅವಕಾಶ ಇದ್ದರೆ ಕೇಳಿದವರಿಗೆ ಕೊಡಿ. ವಿಡಿಯೋ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಇಡಬಹುದು ಎಂಬುದು ಎಲ್ಲರಿಗೂ ಅನ್ವಯಿಸುವ ನಿಯಮವಾಗಲಿ. ಕೆಲಸದ ಬಗ್ಗೆ ಅಭಿಪ್ರಾಯವನ್ನು ಮೊದಲು ಬರೆದು ಕೊಡಬೇಕೋ, ನೇರ ಮಾತಲ್ಲಿ ಹೇಳಬೇಕೋ ಎಂದು ಪ್ರತಿಯೊಬ್ಬರನ್ನೂ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.

ಇದರಲ್ಲಿ ಮೂರು ಕಡೆ ಎಡವುತ್ತಾರೆ. ಕಾರಣ ಕೇಳುವುದು ಮೊದಲನೆಯದು. ಕಾರಣ ಹೇಳಿದರಷ್ಟೇ ಸಿಗುವ ಅನುಕೂಲಕ್ಕಾಗಿ ಮತ್ತೆ ಕಥೆ ಹೇಳಬೇಕಾಗುತ್ತದೆ. "ನಿಮಗೇನು ಬೇಕೋ ಹೇಳಿ, ಮಾಡೋಣ" ಎಂಬ ಉದಾರ ಮಾತು ಎರಡನೆಯದು. ದಣಿದ ಮನಸ್ಸಿಗೆ ಅದು ಇನ್ನೊಂದು ಹೊರೆ. ಬದಲಿಗೆ ಎರಡೋ ಮೂರೋ ದಾರಿ ಮುಂದಿಡಿ: "ಈ ವಾರ ಆ ಗ್ರಾಹಕರ ಕಾಲ್ ನೀವೇ ತಗೋತೀರೋ, ಇಬ್ಬರೂ ಸೇರಿ ತಗೋಳೋಣವೋ, ಬೇರೆಯವರಿಗೆ ಕೊಡಲೋ?" ಮೂರನೆಯದು, ತೀರ್ಮಾನ ಆಗಿಹೋದ ವಿಷಯಕ್ಕೆ ಅಭಿಪ್ರಾಯ ಕೇಳುವ ಶಾಸ್ತ್ರ. ಆಗಿಹೋಗಿದ್ದರೆ ಆಗಿದೆ ಎಂದೇ ಹೇಳಿ; ಹೇಗೆ ಜಾರಿಗೆ ತರಬೇಕು ಎಂಬುದರಲ್ಲಾದರೂ ನಿಜವಾದ ಆಯ್ಕೆ ಕೊಡಿ.

ಹೆಜ್ಜೆ 4: ಯಾರಾದರೂ ಬದಲಾದಂತೆ ಕಂಡರೆ

ಎಂದೂ ತಡಮಾಡದವರು ಮೂರು ವಾರದಿಂದ ತಡವಾಗಿ ಬರುತ್ತಿದ್ದಾರೆ, ಮೇಲ್‌ಗಳಿಗೆ ಉತ್ತರವಿಲ್ಲ. ಮಾತಾಡಬೇಕು. ನಾಲ್ಕು ಜನರ ಎದುರಿಗಲ್ಲ, ಕಾರಿಡಾರಿನಲ್ಲೂ ಅಲ್ಲ. ಕೋಣೆಯಲ್ಲಿ ಬಾಗಿಲ ಕಡೆಯ ಕುರ್ಚಿಯನ್ನು ಅವರಿಗೆ ಬಿಡಿ. ಎದ್ದು ಹೋಗುವ ದಾರಿಗೆ ನೀವು ಅಡ್ಡ ಕೂರಬೇಡಿ. ದಿನದ ಕೊನೆಯ ಹದಿನೈದು ನಿಮಿಷ ಇಂಥ ಮಾತಿಗೆ ಸಾಲದು, ಮುಕ್ಕಾಲು ಗಂಟೆ ತೆಗೆದಿಡಿ.

ಕಂಡದ್ದನ್ನು ಹೇಳಿ, ಊಹಿಸಿದ್ದನ್ನು ಬಿಡಿ. "ನೀವು ಯಾಕೋ ಡಿಪ್ರೆಸ್ ಆದಂಗೆ ಕಾಣ್ತೀರ" ಎಂಬುದು ಊಹೆ. "ಕಳೆದ ಮೂರು ವಾರದಲ್ಲಿ ಆರು ಸಲ ಹತ್ತೂವರೆ ಮೇಲೆ ಬಂದ್ರಿ. ಮೊದಲು ಹೀಗಿರಲಿಲ್ಲ. ತಪ್ಪು ಹುಡುಕೋಕೆ ಕೇಳ್ತಿಲ್ಲ. ಕೆಲಸದ ಕಡೆಯಿಂದ ಏನಾದ್ರೂ ಹಗುರ ಮಾಡಬಹುದಾ ಅಂತ ಕೇಳ್ತಿದ್ದೀನಿ. ಕಾರಣ ಹೇಳಲೇಬೇಕು ಅಂತೇನಿಲ್ಲ." ಇಷ್ಟು ಹೇಳಿ ಸುಮ್ಮನಾಗಿ. ಹತ್ತು ಸೆಕೆಂಡಿನ ಮೌನ ಬಹಳ ಉದ್ದ ಎನಿಸುತ್ತದೆ, ಆದರೂ ತುಂಬಬೇಡಿ.

ಅವರು ಏನನ್ನಾದರೂ ಹೇಳಲು ತೊಡಗಿದರೆ ಒಂದು ಕ್ಷಣ ತಡೆದು, ಯಾವುದು ನಿಮ್ಮಲ್ಲೇ ಉಳಿಯುತ್ತದೆ, ಯಾವುದನ್ನು ನೀವು ಮೇಲಕ್ಕೆ ತಿಳಿಸಲೇಬೇಕು ಎಂಬುದನ್ನು ಮೊದಲೇ ಹೇಳಿಬಿಡಿ. ಕಿರುಕುಳದ ದೂರು, ಜೀವಕ್ಕೆ ಅಪಾಯ, ಇವು ಸಾಮಾನ್ಯವಾಗಿ ನಿಮ್ಮಲ್ಲೇ ಉಳಿಯಲಾರವು. ಎಲ್ಲವನ್ನೂ ಕೇಳಿಸಿಕೊಂಡು ಆಮೇಲೆ "ಇದನ್ನ ಎಚ್‌ಆರ್‌ಗೆ ಹೇಳಲೇಬೇಕಾಗುತ್ತೆ" ಎನ್ನುವುದು ನಂಬಿ ಬಂದವರ ಕೈ ಬಿಟ್ಟಂತೆ.

ಕೇಳುವಾಗ ವಿವರ ಕೆದಕಬೇಡಿ. "ಆಮೇಲೇನಾಯ್ತು?", "ನೀವ್ಯಾಕೆ ಆಗಲೇ ಹೇಳಲಿಲ್ಲ?" ಎರಡೂ ಬೇಡ, ಎರಡನೆಯದು ತಪ್ಪನ್ನು ಅವರ ತಲೆಗೇ ಕಟ್ಟುತ್ತದೆ. "ನನಗೂ ಹಿಂಗೇ ಆಗಿತ್ತು" ಎಂದು ನಿಮ್ಮ ಕಥೆ ಶುರು ಮಾಡಬೇಡಿ. "ಹೇಳಿದ್ದು ಒಳ್ಳೆಯದಾಯ್ತು. ಇದು ಸುಲಭದ ವಿಷಯ ಅಲ್ಲ" ಎಂಬಷ್ಟು ಸಾಕು. ನಂತರ ಕೆಲಸಕ್ಕೆ ಬನ್ನಿ: ಮುಂದಿನ ಎರಡು ವಾರ ಯಾವುದು ಮುಂದೂಡಬಹುದು, ಸಮಯ ಹೇಗೆ ಹೊಂದಿಸಬಹುದು, ಸಹೋದ್ಯೋಗಿಗಳಿಗೆ ಏನು ಹೇಳಬೇಕು, ಏನು ಹೇಳಬಾರದು. ಕೊನೆಯದನ್ನು ಅವರೇ ತೀರ್ಮಾನಿಸಲಿ, ಸಾಧ್ಯವಾದರೆ ಆ ವಾಕ್ಯವನ್ನೂ ಅವರಿಂದಲೇ ಪಡೆಯಿರಿ. ಸಂಸ್ಥೆಯಲ್ಲಿ ಆಪ್ತಸಮಾಲೋಚನೆಯ ಸೌಲಭ್ಯ ಇದ್ದರೆ "ಅವರನ್ನ ಕಾಣಿ" ಎಂದು ಸಾಗಹಾಕಬೇಡಿ. ಯಾರು, ಎಲ್ಲಿ, ಎಷ್ಟು ಸಲ ಉಚಿತ, ಮಾಹಿತಿ ಯಾರಿಗೆ ಹೋಗುತ್ತದೆ ಎಂಬುದನ್ನು ನೀವೇ ಮೊದಲು ತಿಳಿದುಕೊಂಡು ಹೇಳಿ. ಮುಂದಿನ ಭೇಟಿಯ ದಿನ ಗೊತ್ತುಮಾಡಿಕೊಂಡೇ ಏಳಿ.

ಬದುಕುವುದು ಬೇಡ ಎಂಬರ್ಥದ ಮಾತು ಬಂದರೆ ಮಾತು ತಿರುಗಿಸಬೇಡಿ. "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಎಂದು ಮೆತ್ತಗೆ, ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರಾದರೂ ಕೇಳಿದರು ಎಂಬ ನಿರಾಳ ಸಿಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಅವರು ನಂಬುವ ಒಬ್ಬರನ್ನು ಕರೆಸಿ, ವೈದ್ಯಕೀಯ ನೆರವು ಅಥವಾ ಸಹಾಯವಾಣಿ ಸಿಗುವವರೆಗೆ ಜೊತೆಗಿರಿ. ಗುಟ್ಟು ಕಾಯುವ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ.

ಹೆಜ್ಜೆ 5: ಕೆಲಸದ ಮಟ್ಟ ಇಳಿಸಬೇಡಿ, ಹೇಳುವ ರೀತಿ ಬದಲಿಸಿ

ಕಾಳಜಿ ಎಂದರೆ ಕೆಲಸ ಕೇಳದೆ ಇರುವುದು ಎಂಬ ತಪ್ಪು ತಿಳಿವಳಿಕೆ ಒಳ್ಳೆಯ ಮನಸ್ಸಿನವರಲ್ಲೇ ಹೆಚ್ಚು. ಒಬ್ಬರ ಕಷ್ಟ ತಿಳಿಯಿತೆಂದು, ಅವರನ್ನು ಕೇಳದೆಯೇ, ಮುಖ್ಯ ಪ್ರಾಜೆಕ್ಟಿನಿಂದ ಅವರ ಹೆಸರು ತೆಗೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಎಲ್ಲ ಕೈ ತಪ್ಪಿಹೋಗಿದೆ ಎಂದುಕೊಂಡವರ ಕೈಯಲ್ಲಿ ಉಳಿದಿದ್ದ ಒಂದನ್ನೂ ಕಿತ್ತುಕೊಂಡಂತಾಗುತ್ತದೆ, ಬಾಯಿ ಬಿಟ್ಟಿದ್ದಕ್ಕೆ ಸಿಕ್ಕ ಶಿಕ್ಷೆಯಂತೆ ಕಾಣುತ್ತದೆ. ಆಮೇಲೆ ಆ ಟೀಮಿನಲ್ಲಿ ಇನ್ಯಾರೂ ಬಾಯಿ ಬಿಡುವುದಿಲ್ಲ. ಇಡೀ ಹೊರೆ ಸದ್ದಿಲ್ಲದೆ ಪಕ್ಕದವರ ಮೇಲೆ ಬಿದ್ದು ಅವರಲ್ಲಿ ಅಸಮಾಧಾನ ಬೇರೆ ಹುಟ್ಟುತ್ತದೆ.

ತಪ್ಪಾದಾಗ ತಪ್ಪೆಂದೇ ಹೇಳಿ: ಯಾವುದು, ಅದರಿಂದ ಏನಾಯಿತು, ಮುಂದೆ ಹೇಗಿರಬೇಕು, ಯಾವ ದಿನದೊಳಗೆ. "ನೀವು ಬೇಜವಾಬ್ದಾರಿ" ಎಂದರೆ ವ್ಯಕ್ತಿಯ ಮೇಲೆ ಏಟು. "ಬುಧವಾರದ ಫೈಲ್ ಶುಕ್ರವಾರ ಬಂತು, ಬಿಲ್ಲಿಂಗ್ ನಿಂತುಹೋಯ್ತು" ಎಂದರೆ ತಿದ್ದಿಕೊಳ್ಳಬಹುದಾದ ಸಂಗತಿ. ಕೊನೆಗೆ ಬರಹದಲ್ಲೂ ಕೊಡಿ. ಗಾಬರಿಯಲ್ಲಿದ್ದವರಿಗೆ ಕೇಳಿದ್ದರಲ್ಲಿ ಅರ್ಧ ನೆನಪಿರುವುದಿಲ್ಲ, ನೆನಪಿರುವುದು ನಿಮ್ಮ ಮುಖಭಾವ ಮಾತ್ರ. ಅಪ್ರೈಸಲ್‌ನಲ್ಲಿ ಮೊದಲ ಬಾರಿಗೆ ಕೆಟ್ಟ ಸುದ್ದಿ ಹೇಳುವ ಅಭ್ಯಾಸ ಇದ್ದರೆ ಇಂದಿಗೇ ಬಿಡಿ.

ಹೆಜ್ಜೆ 6: ಕೆಲಸದ ಜಾಗದಲ್ಲೇ ಕೆಟ್ಟದ್ದು ನಡೆದರೆ

ಅಪಘಾತ, ಹಲ್ಲೆ, ಸಹೋದ್ಯೋಗಿಯ ಸಾವು. ಮೊದಲ ಗಂಟೆಯಲ್ಲಿ ಮಾಡಬೇಕಾದದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಸಹಸಂಸ್ಥೆಗಳು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಮಾತಿನಲ್ಲಿ ಹೇಳುತ್ತದೆ: ನೋಡಿ, ಆಲಿಸಿ, ಬೆಸೆಯಿರಿ. ಅಪಾಯ ಇನ್ನೂ ಇದೆಯೇ, ಯಾರಿಗೆ ತುರ್ತು ನೆರವು ಬೇಕು ಎಂದು ನೋಡುವುದು. ಮಾತಾಡಬಯಸುವವರ ಮಾತನ್ನು ಒತ್ತಾಯಿಸದೆ ಆಲಿಸುವುದು. ಮನೆಯವರು, ವೈದ್ಯರು, ಸರಿಯಾದ ಮಾಹಿತಿ, ಮನೆ ಸೇರುವ ವಾಹನ, ಇವುಗಳ ಜೊತೆ ಬೆಸೆಯುವುದು. ನೀರು, ಕೂರಲು ಜಾಗ, ನೋಡುಗರ ಕಣ್ಣಿನಿಂದ ಮರೆ. ಯಾರನ್ನೂ ಒಂಟಿಯಾಗಿ ವಾಹನ ಓಡಿಸಿಕೊಂಡು ಹೋಗಲು ಬಿಡಬೇಡಿ.

ಇಲ್ಲಿ ಅನೇಕ ಸಂಸ್ಥೆಗಳು ಒಳ್ಳೆಯದೆಂದುಕೊಂಡು ಒಂದು ತಪ್ಪು ಮಾಡುತ್ತವೆ: ಮರುದಿನವೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಕಂಡದ್ದನ್ನೂ ಅನಿಸಿದ್ದನ್ನೂ ಹೇಳಿಸುವುದು. ಹೀಗೆ ಒಂದೇ ಸಲದ ಡೀಬ್ರೀಫಿಂಗ್ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಿಗೆ ಹಾನಿಯನ್ನೇ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬೇಡ ಎನ್ನುತ್ತದೆ. ಹಸಿ ಗಾಯವನ್ನು ಕೆದಕಿದಂತಾಗುವುದಲ್ಲದೆ, ಒಬ್ಬರು ನೋಡದೇ ಇದ್ದ ದೃಶ್ಯವನ್ನು ಇನ್ನೊಬ್ಬರ ಬಾಯಿಂದ ಕೇಳಿ ಹೊತ್ತುಕೊಂಡು ಹೋಗುತ್ತಾರೆ. ಸಭೆ ಮಾಡಿ, ಮಾಡಲೇಬೇಕು. ಆದರೆ ಅಲ್ಲಿ ಹೇಳಬೇಕಾದದ್ದು ಖಚಿತ ಮಾಹಿತಿ, ಮುಂದಿನ ಎರಡು ಮೂರು ದಿನದ ಕೆಲಸದ ವ್ಯವಸ್ಥೆ, ನೆರವು ಎಲ್ಲಿ ಸಿಗುತ್ತದೆ ಎಂಬುದು. ಇಪ್ಪತ್ತು ನಿಮಿಷ ಸಾಕು. ಮಾತಾಡಬಯಸುವವರಿಗೆ ಬೇರೆ ಜಾಗ, ಬೇರೆ ಹೊತ್ತು.

ತನಿಖೆಗಾಗಿ ಹೇಳಿಕೆ ಪಡೆಯಬೇಕಿದ್ದರೆ ಅದನ್ನು ಒಂದೇ ಸಲ, ಒಬ್ಬರೇ, ಸರಿಯಾಗಿ ಬರೆದುಕೊಳ್ಳಲಿ. ಸೂಪರ್‌ವೈಸರ್‌ಗೊಮ್ಮೆ, ಎಚ್‌ಆರ್‌ಗೊಮ್ಮೆ, ಸುರಕ್ಷತಾ ಅಧಿಕಾರಿಗೊಮ್ಮೆ ಅದೇ ಕಥೆ ಹೇಳಿಸುವುದು ಗಾಯದ ಮೇಲೆ ಬರೆ.

ನಿದ್ದೆ ಕೆಡುವುದು, ದೃಶ್ಯ ಕಣ್ಣಮುಂದೆ ಬರುವುದು, ಸಿಡುಕು, ಇವು ಮೊದಲ ವಾರಗಳಲ್ಲಿ ಸಹಜ. ಬಹಳ ಮಂದಿಗೆ ತಾವಾಗಿಯೇ ಇಳಿಯುತ್ತವೆ. ಇದನ್ನು ಟೀಮಿಗೂ ಹೇಳಿ, ತಮಗೇನೋ ಆಗಿಬಿಟ್ಟಿದೆ ಎಂಬ ಭಯ ಕಡಿಮೆಯಾಗುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ತಜ್ಞರನ್ನು ಕಾಣಲು ನೆರವಾಗಿ. ಆಘಾತಕ್ಕೆಂದೇ ರೂಪಿಸಿದ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಸಿಬಿಟಿ, ಕಣ್ಣಿನ ಚಲನೆಯನ್ನು ಬಳಸಿ ನೋವಿನ ನೆನಪನ್ನು ಹಗುರಗೊಳಿಸುವ ಇಎಂಡಿಆರ್‌ನಂಥ ಚಿಕಿತ್ಸೆಗಳಿವೆ, ಬಹಳ ಮಂದಿಗೆ ಗುಣ ಕಾಣುತ್ತದೆ. ಕ್ಯಾಲೆಂಡರಿನಲ್ಲಿ ಮೂರನೇ ದಿನ, ಎರಡನೇ ವಾರ, ಆರನೇ ವಾರ ಮತ್ತು ಒಂದು ವರ್ಷದ ದಿನ ಗುರುತು ಹಾಕಿಕೊಳ್ಳಿ. ಮೊದಲ ವಾರ ಎಲ್ಲರೂ ವಿಚಾರಿಸುತ್ತಾರೆ. ಆರನೇ ವಾರ ಯಾರೂ ವಿಚಾರಿಸುವುದಿಲ್ಲ.

ನೋವು ಕೊಟ್ಟದ್ದು ಸಂಸ್ಥೆಯೊಳಗಿನ ವ್ಯಕ್ತಿಯೇ ಆಗಿದ್ದರೆ, ಕಿರುಕುಳವೋ ಅವಮಾನವೋ, ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ. ದೂರಿನ ದಾರಿ ತೋರಿಸಿ, ಪ್ರತಿ ಹಂತಕ್ಕೂ ಎಷ್ಟು ದಿನ ಎಂದು ಹೇಳಿ, ಬೇರ್ಪಡಿಸಬೇಕಾದರೆ ಜಾಗ ಬದಲಿಸಬೇಕಾದವರು ದೂರು ಕೊಟ್ಟವರಾಗದಿರಲಿ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ವಿರುದ್ಧ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ 190ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಮಾನಸಿಕ ಸುರಕ್ಷತೆಯ ನಿರ್ವಹಣೆಗೆಂದೇ 2021ರಲ್ಲಿ ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 45003 ಮಾನದಂಡ ಬಂತು. "ಇದೆಲ್ಲ ವೈಯಕ್ತಿಕ ವಿಷಯ" ಎನ್ನುವ ಮೇಲಧಿಕಾರಿಗಳ ಮುಂದೆ ಇವೆರಡನ್ನು ಇಡಬಹುದು.

ನೋವು ಕೇಳುವುದೇ ಕೆಲಸವಾದವರು

ಆಸ್ಪತ್ರೆ, ಸಹಾಯವಾಣಿ, ವಿಮೆಯ ಕ್ಲೇಮ್ ವಿಭಾಗ, ಹಿಂಸೆಯ ಚಿತ್ರಗಳನ್ನು ಪರಿಶೀಲಿಸುವ ಟೀಮ್. ಇವರಿಗೆ ನೇರವಾಗಿ ಏನೂ ಆಗದಿದ್ದರೂ ಕೇಳಿದ್ದು, ನೋಡಿದ್ದು ಒಳಗೆ ಇಳಿಯುತ್ತದೆ. ದಿನವಿಡೀ ಅದೇ ಸರದಿ ಇರಬಾರದು, ನಡುನಡುವೆ ಬೇರೆ ಬಗೆಯ ಕೆಲಸ ಸೇರಿಸಿ. ಕಷ್ಟದ ಕಾಲ್ ಮುಗಿದ ಮೇಲೆ ಹತ್ತು ನಿಮಿಷ ಲಾಗಿನ್‌ನಿಂದ ಹೊರಗಿರುವುದು ಹಕ್ಕಾಗಿರಲಿ, ಟಾರ್ಗೆಟ್ ಲೆಕ್ಕದಿಂದ ಆ ಹತ್ತು ನಿಮಿಷ ಹೊರಗಿರಲಿ. ಇಲ್ಲದಿದ್ದರೆ ಆ ನಿಯಮವನ್ನು ಯಾರೂ ಬಳಸುವುದಿಲ್ಲ. ದೃಶ್ಯ ನೋಡಲೇಬೇಕಾದವರಿಗೆ ಚಿಕ್ಕ ಗಾತ್ರ, ಕಪ್ಪುಬಿಳುಪು, ಸದ್ದು ಬಂದ್, ಇಷ್ಟು ಮಾಡಿಕೊಟ್ಟರೂ ಹೊರೆ ಇಳಿಯುತ್ತದೆ. ಸಹೋದ್ಯೋಗಿಗೆ ಹೇಳಿಕೊಳ್ಳುವ ಮೊದಲು "ಒಂದು ಕಷ್ಟದ ಕೇಸ್ ಬಗ್ಗೆ ಹೇಳಬೇಕಿತ್ತು, ಈಗ ಕೇಳೋಕೆ ಆಗುತ್ತಾ?" ಎಂದು ಕೇಳುವ ಅಭ್ಯಾಸ ಬೆಳೆಸಿ. ಮ್ಯಾನೇಜರ್ ಆದ ನಿಮಗೂ ಇದೇ ಸಲ್ಲುತ್ತದೆ: ಎಲ್ಲರ ಮಾತು ಕೇಳುವ ನಿಮಗೆ ಹೇಳಿಕೊಳ್ಳಲು ಟೀಮಿನ ಹೊರಗೆ ಒಬ್ಬರು ಇರಲೇಬೇಕು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು

ಎಷ್ಟು ಜನ ತಮ್ಮ ನೋವು ಹೇಳಿಕೊಂಡರು ಎಂದು ಎಣಿಸಬೇಡಿ. ಮುಂಚೆ ಹೇಳದೆ ಹಾಕಿದ ರಜೆ, ರಾಜೀನಾಮೆಗಳು, ಒಬ್ಬೊಬ್ಬರೊಂದಿಗಿನ ಮಾತುಕತೆ ಎಷ್ಟು ನಡೆದವು, ಎಷ್ಟು ರದ್ದಾದವು, ಇವನ್ನು ಮೂರು ತಿಂಗಳಿಗೊಮ್ಮೆ ನೋಡಿ. ಹೆಸರಿಲ್ಲದ ಸಮೀಕ್ಷೆ ಮಾಡುವುದಾದರೆ ಐದಕ್ಕಿಂತ ಕಡಿಮೆ ಜನರ ಗುಂಪಿನ ಉತ್ತರವನ್ನು ಬಿಡಿಯಾಗಿ ತೋರಿಸಬೇಡಿ, ಬರಹದ ಧಾಟಿಯಿಂದಲೇ ಯಾರೆಂದು ಗೊತ್ತಾಗಿಬಿಡುತ್ತದೆ.

ಎಲ್ಲಕ್ಕಿಂತ ನಂಬಬಹುದಾದ ಅಳತೆ ಬೇರೊಂದಿದೆ: ತಪ್ಪು ನಡೆದದ್ದಕ್ಕೂ ಅದು ನಿಮ್ಮ ಕಿವಿಗೆ ಬಿದ್ದದ್ದಕ್ಕೂ ನಡುವಿನ ಅಂತರ. ಹೆದರುವ ಟೀಮಿನಲ್ಲಿ ಅದು ವಾರಗಟ್ಟಲೆ, ಕೆಲವೊಮ್ಮೆ ಗ್ರಾಹಕರೇ ಮೊದಲು ಹೇಳುತ್ತಾರೆ. ಹೆದರದ ಟೀಮಿನಲ್ಲಿ ಅದೇ ಸಂಜೆ. ಆದರೆ ಒಂದು ವಿಚಿತ್ರಕ್ಕೆ ಸಿದ್ಧರಾಗಿರಿ. 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಏಮಿ ಎಡ್ಮಂಡ್‌ಸನ್‌ಗೆ ಒಳ್ಳೆಯ ತಂಡಗಳಲ್ಲೇ ತಪ್ಪುಗಳು ಹೆಚ್ಚು ಕಂಡವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಆದದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ನಿಮ್ಮಲ್ಲೂ ಮೊದಲ ಕೆಲವು ತಿಂಗಳು ದೂರು, ತಪ್ಪು, "ಆಗಲ್ಲ" ಎಂಬ ಮಾತು, ಮೂರೂ ಏರಬಹುದು. ಹಾಳೆಯ ಮೇಲಿನ ಆ ಏರಿಕೆ ನೋಡಿ ಮೇಲಿನವರು ಪ್ರಯೋಗವನ್ನೇ ನಿಲ್ಲಿಸಿಬಿಡುವ ಸಾಧ್ಯತೆ ಇದೆ. ಹಾಗಾಗಿ ಶುರು ಮಾಡುವ ಮೊದಲೇ, ಈ ಸಂಖ್ಯೆಗಳು ಏರುತ್ತವೆ, ಯಾಕೆ ಏರುತ್ತವೆ, ಎಷ್ಟು ತಿಂಗಳು ಕಾದು ನೋಡಬೇಕು ಎಂಬುದನ್ನು ಬರೆದು ಅವರ ಸಹಿ ಹಾಕಿಸಿಟ್ಟುಕೊಳ್ಳಿ.